ತಾಗಿದರೆ ಔಟ್

ಇಷ್ಟು ಎತ್ತರ ಯಾಕೆ ಹಾರುತ್ತಿದ್ದಾಳೆ? ನನ್ನ ಕಣ್ಣಿಗೇ ಹಾಗೆ ಕಾಣುತ್ತಿದೆಯೋ, ಇಲ್ಲ ಹೆದರಿದ್ದಾಳೋ? ಅನಂತಪುರದ ಮೈದಾನದ ಬೇಲಿ ಹಿಡಿದು ನಿಂತಿದ್ದ ಗೋವರ್ಧನ್ ಹಲ್ಲು ಕಚ್ಚಿದ. ಅವನ ತಂಗಿ ಸಾಯಿಲಕ್ಷ್ಮಿ ಒಂದೊಂದು ಹರ್ಡಲ್ಲಿಗೂ ಗಾಳಿಯಲ್ಲಿ ತೇಲಿ, ಕೆಳಗಿಳಿದು, ಮತ್ತೆ ಮೊದಲಿನಿಂದ ವೇಗ ಹಿಡಿಯುತ್ತಿದ್ದಳು. ಪಕ್ಕದ ಹುಡುಗಿ ಎರಡು ಹರ್ಡಲ್ ಕೆಡವಿಕೊಂಡೇ ನುಗ್ಗಿ ಗೆದ್ದಳು.

ಹೆಪ್ಟಾಥ್ಲಾನಿನ ಏಳು ಸ್ಪರ್ಧೆಗಳಲ್ಲಿ ಇದು ಮೊದಲನೆಯದು. ಎಲ್ಲದರ ಅಂಕ ಕೂಡಿಸಿ, ಮುಂದಿರುವ ಇಬ್ಬರಿಗೆ ರಾಜ್ಯದ ತಂಡ, ಹಾಸ್ಟೆಲ್ಲು, ಒಳ್ಳೆಯ ಕೋಚು. ಉಳಿದವರು ಬಂದ ದಾರಿ ಹಿಡಿಯಬೇಕು. ಸಾಯಿಲಕ್ಷ್ಮಿಗೆ ಆ ದಾರಿ ರಾಯದುರ್ಗದ ಹೊಲಿಗೆ ಯೂನಿಟ್ಟಿಗೆ, ಜೀನ್ಸ್ ಪ್ಯಾಂಟಿಗೆ ಜಿಪ್ ಕೂಡಿಸುವ ಮಷಿನ್ನಿಗೆ.

"ಏನಪ್ಪಾ ಗೋವರ್ಧನ್," ಗೆದ್ದ ಹುಡುಗಿಯ ಪಿ.ಟಿ. ಮೇಷ್ಟ್ರು ಹೊನ್ನೂರಪ್ಪ ನಕ್ಕರು. "ನಿಮ್ಮ ರಾಯದುರ್ಗದ ಕೋಟೆ ಗ್ವಾಡಿ ಹಾರಿಸಿ ಕಲಿಸೀಯೇನು? ಹರ್ಡಲ್ ಮ್ಯಾಲೆ ಓಡ್ಬೇಕೋ, ಹಾರೋದಲ್ಲ."

"ಗೊತ್ತೈತ್ರಿ. ನಾನೂ ರೂಲ್ಸ್ ಓದೀನಿ."

ಹರ್ಡಲ್ ಕೊಡುವವರು ರಾಯದುರ್ಗದಲ್ಲಿ ಯಾರಿದ್ದರು? ಯೂನಿಟ್ಟಿನ ಹಿತ್ತಲಲ್ಲಿ ಕಟಿಂಗ್ ಆದ ಬಟ್ಟೆಯ ಬಂಡಲ್‌ಗಳನ್ನೇ ಹರ್ಡಲ್ಲಿನಂತೆ ಪೇರಿಸಿ ಅವಳನ್ನು ದಾಟಿಸುತ್ತಿದ್ದ. "ಬಂಡಲ್ ಬಿಚ್ಚಿ ಸೈಜು ಕಲಸಿ ಹೋದ್ವೋ, ಇಬ್ರನ್ನೂ ಹೊರಗ ಹಾಕ್ತೀನಿ," ಎಂದಿದ್ದ ಮಾಲೀಕ ಎರ್ರಿಸ್ವಾಮಿ. ಮೂವತ್ತೆರಡರ ಹಿಂಭಾಗಕ್ಕೆ ಇಪ್ಪತ್ತೆಂಟರ ಮುಂಭಾಗ ಹೊಲಿದರೆ ಮಾಲೆಲ್ಲ ಹಾಳು. ಹಾಗಾಗಿ ಗೋವರ್ಧನ್ ತಂಗಿಗೆ ಒಂದೇ ಮಾತು ಕಲಿಸಿದ್ದ: ತಾಗಿದ್ರ ಔಟ್.

ಸಾಯಿಲಕ್ಷ್ಮಿ ಏದುಸಿರು ಬಿಡುತ್ತ ಬಂದಳು. "ಅಣ್ಣಾ, ಆಕಿ ಎರಡು ಕೆಡವಿದ್ಲು. ಔಟ್ ಯಾಕ ಕೊಡ್ಲಿಲ್ಲ?"

"ಅವರಿಗೆ ಕಣ್ಣಿಲ್ಲ. ನೀ ಹೈಜಂಪ್ ನೋಡ್ಕೋ ನಡಿ."

"ಹೋಗಿ ಕೇಳು ಮತ್ತ. ಜಗಳ ಮಾಡು. ನೀ ಜಗಳಕ್ಕ ಯಾವಾಗ ಹಿಂದ ಬಿದ್ದಿ?"

"ಸುಮ್ನಿರ್ತೀಯೋ ಇಲ್ಲೋ!" ಸುತ್ತಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಗದರಿದ.

ಆ ಸಿಟ್ಟನ್ನು ಅವಳು ಮೈದಾನಕ್ಕೆ ಒಯ್ದಳು. ಹೈಜಂಪಿನಲ್ಲಿ ಎಲ್ಲರನ್ನೂ ಮೀರಿಸಿದಳು. ಶಾಟ್‌ಪುಟ್ಟಿನ ಗುಂಡನ್ನು ಯಾರ ಮೇಲೋ ಎಸೆದಂತೆ ಎಸೆದಳು. ಮರುದಿನ ಕೊನೆಯ ಓಟವನ್ನು ಗೆದ್ದು ಅಲ್ಲೇ ಕುಸಿದಳು. ಅಂಕ ಕೂಡಿಸಿದಾಗ ಮೂರನೆಯವಳು. ಕೂದಲೆಳೆಯಷ್ಟು ಮುಂದೆ, ಎರಡನೆಯವಳಾಗಿ, ಹೊನ್ನೂರಪ್ಪನವರ ಹುಡುಗಿ.

ಈಗ ಹೊನ್ನೂರಪ್ಪ ನಗಲಿಲ್ಲ. "ಹರ್ಡಲ್ಸಿನಾಗ ಹೋತು ನೋಡಮ್ಮ. ಯಾಕ ಅಷ್ಟು ಹೆದರ್ತೀ? ಕಾಲು ತಾಗಿ ಬಿದ್ರೂ ನಡೀತೈತಿ, ಬೇಕಂತ ಕೆಡವಬಾರ್ದು ಅಷ್ಟ. ನಿಮ್ಮಣ್ಣ ಹೇಳಿಲ್ಲೇನು?"

ಅವಳು ಅಣ್ಣನ ಮುಖ ನೋಡಿದಳು. ಬಸ್ ಸ್ಟ್ಯಾಂಡಿಗೆ ಅವನಿಗಿಂತ ಮುಂದೆ ನಡೆದಳು. ಸೀಟಿನಲ್ಲಿ ಕೂತ ಮೇಲೆ ಕೇಳಿದಳು: "ನಿನಗ ಗೊತ್ತಿತ್ತೇನಣ್ಣ?"

"ಎಷ್ಟೊತ್ತು ನಿಲ್ಲಿಸ್ತೀರ್ರಿ ಬಸ್ಸು?" ಗೋವರ್ಧನ್ ಕಂಡಕ್ಟರನ ಮೇಲೆ ಹಾರಿಬಿದ್ದ. "ಸಾಯೋತನಕ ಇಲ್ಲೇ ಕೂಡ್ಬೇಕೇನು?"

"ಏಮಪ್ಪಾ, ನಾ ಮೀದ ಎಂದುಕು ಕೋಪಂ?" ತನ್ನ ಮೇಲೆ ಯಾಕೆ ಸಿಟ್ಟೆಂದು ತೆಲುಗಿನಲ್ಲಿ ಕೇಳಿ, ಕಂಡಕ್ಟರ್ ನಕ್ಕು ಸೀಟಿ ಊದಿದ.

ಎರ್ರಿಸ್ವಾಮಿಯ ಮೇಲೆ ಸಿಟ್ಟು, ಹೊನ್ನೂರಪ್ಪನ ಬಾಯಿಯ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೊಮ್ಮೆ ಕೇಳದೆ ಕಿಟಕಿಯ ಕಡೆ ತಿರುಗಿ ಕೂತ ಈ ಹುಡುಗಿಯ ಮೇಲೆ.

ಗೊತ್ತಿತ್ತು ಎಂದು ಗೋವರ್ಧನ್ ಅವಳಿಗೆ ಎಂದೂ ಹೇಳಲಿಲ್ಲ.