ದಿನಕ್ಕೊಂದೇ ಮುಚ್ಚಳ

ಹದಿಮೂರನೆಯ ಹನಿಗೆ ನೀರು ಹಳದಿಗೆ ತಿರುಗಿದಾಗ, ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಗೋಡೆಗೆ ಎತ್ತಿ ಹೊಡೆಯಬೇಕೆನಿಸಿತು. ಎಂಟಕ್ಕೆ ತಿರುಗಬೇಕಿತ್ತು, ಹೆಚ್ಚೆಂದರೆ ಒಂಬತ್ತಕ್ಕೆ. ಹಿಂದಿನ ಸಂಜೆ ಹತ್ತು, ಅದರ ಹಿಂದಿನ ಸಂಜೆ ಹನ್ನೆರಡು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ನಡುಮನೆಯಲ್ಲಿರುವುದು ಬರೀ ಮೀನಿನ ತೊಟ್ಟಿಯಲ್ಲ. ಉಪ್ಪುನೀರು, ಅದರೊಳಗೆ ಜೀವಂತ ಹವಳ. ಹವಳ ತನ್ನ ಮೈ ಕಟ್ಟಿಕೊಳ್ಳಲು ನೀರಿನ ಕ್ಷಾರವನ್ನು ದಿನವೂ ಹೀರುತ್ತದೆ, ಹೀರಿದಷ್ಟನ್ನು ನಾವು ದಿನವೂ ತುಂಬಿಕೊಡಬೇಕು. ಕಡಿಮೆಯಾದರೆ ಬೆಳೆಯುವುದಿಲ್ಲ, ಹೆಚ್ಚಾದರೆ ತುದಿ ಸುಟ್ಟು ಬೆಳ್ಳಗಾಗುತ್ತದೆ. ಎರಡಕ್ಕಿಂತ ಕೆಟ್ಟದ್ದು ದಿನಕ್ಕೊಂದು ಬಗೆಯ ಏರಿಳಿತ. ಅದಕ್ಕೇ ಬಿಳಿ ಬಾಟಲಿಯ ಕ್ಷಾರದ ದ್ರಾವಣ ಬೆಳಗ್ಗೆ ಹತ್ತಕ್ಕೆ ಒಂದೇ ಮುಚ್ಚಳ. ಸಂಜೆ ಪರೀಕ್ಷೆ. ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಪರೀಕ್ಷೆಯ ಔಷಧದ ಹನಿ ಬಿಡುತ್ತ ಹೋದರೆ, ಎಷ್ಟನೆಯ ಹನಿಗೆ ನೀಲಿ ಹೋಗಿ ಹಳದಿ ಬಂತೋ ಅದೇ ಆ ದಿನದ ಕ್ಷಾರ. ಆರು ವರ್ಷ ಅದು ಎಂಟನ್ನು ಬಿಟ್ಟು ಕದಲಿರಲಿಲ್ಲ.

ಮುಚ್ಚಳ ಹಾಕುವ ಕೆಲಸ ಅಪ್ಪನದು. ಅಪ್ಪ ನಲವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಡಾಕ್ಟರು ಬರೆದದ್ದನ್ನು ಅಳೆದು, ಬೆರೆಸಿ, ಸೀಸೆಗೆ ತುಂಬಿ ಕೊಟ್ಟ ಕೈ ಅದು. ಒಂದು ಹನಿ ಆಚೀಚೆ ಆಯಿತು ಅಂತ ಯಾರೂ ಬಾಯಿ ಬಿಟ್ಟವರಿಲ್ಲ. ಅವರು ನಿವೃತ್ತರಾದ ವರ್ಷ ನಾವಿಬ್ಬರೂ ಸೇರಿ ಉಗುರಿನಷ್ಟಗಲದ ಹವಳದ ಚೂರೊಂದನ್ನು ಕಲ್ಲಿಗೆ ಅಂಟಿಸಿದ್ದೆವು. ಈಗ ಅದು ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ಎರಡು ಬೊಗಸೆ ತುಂಬುವಷ್ಟಿದೆ. ನನಗೆ ಮಕ್ಕಳಿಲ್ಲ. ಅದನ್ನು ಯಾರಾದರೂ ಈ ಹವಳಕ್ಕೆ ಗಂಟು ಹಾಕಿದರೆ ಸಿಟ್ಟು ಬರುತ್ತದೆ, ಆದರೂ ಅದರ ತುದಿಗಳು ಬೆಳ್ಳಗಾಗತೊಡಗಿದ ವಾರ ನನಗೆ ಅನ್ನ ಸೇರಲಿಲ್ಲ.

ಹೀಗಾಗಿ ಅಪ್ಪನೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲರ ಮೇಲೂ ನನ್ನ ಅನುಮಾನ ಹೋಯಿತು. ಮೊದಲು ಸಿಕ್ಕವನು ತೊಟ್ಟಿಗೆ ಉಪ್ಪು ಮಾರುವವನು. ನಾವು ಅವನನ್ನು ಉಪ್ಪಣ್ಣ ಅಂತಲೇ ಕರೆಯುವುದು.

"ಏನ್ ಬೆರೆಸಿದೀಯಪ್ಪಾ ಈ ಉಪ್ಪಿಗೆ? ಸುಣ್ಣಾನಾ?"

"ಅಕ್ಕಾ, ಇದೇ ಮೂಟೆ ಉಪ್ಪು ಇನ್ನೂ ಹತ್ತು ಮನೆಗೆ ಹೋಗಿದೆ. ಯಾರೂ ಹಿಂಗೆ ಜಗಳಕ್ಕೆ ಬಂದಿಲ್ಲ. ಸ್ವಲ್ಪ ದಿನ ಬಾಟಲಿ ಮುಟ್ಟಬೇಡಿ. ತಾನಾಗೇ ಇಳಿಯುತ್ತೆ."

ಅದೂ ಸರಿಯೇ ಅನ್ನಿಸಿತು. ಮನೆಗೆ ಬಂದು, "ಅಪ್ಪಾ, ನಾಳೆಯಿಂದ ಮುಚ್ಚಳ ಹಾಕ್ಬೇಡಿ, ನಾನು ಹೇಳೋವರೆಗೂ" ಅಂದೆ. "ಆಯ್ತಮ್ಮ" ಅಂದರು ಅಪ್ಪ. ಆಮೇಲೆ ಪತ್ರಿಕೆಯಿಂದ ಒಂದು ಸುದ್ದಿ ಓದಿ ಹೇಳಿದರು. ಬೆಳಗ್ಗೆ ಓದಿ ಹೇಳಿದ್ದ ಸುದ್ದಿಯೇ. ನಾನು ತೊಟ್ಟಿಯ ಕಡೆ ನೋಡುತ್ತಲೇ ಹೂಂಗುಟ್ಟಿದೆ.

ಮರುದಿನ ಸಂಜೆ ಹದಿನಾಲ್ಕು ಹನಿ! ಬಾಟಲಿ ಮುಟ್ಟದೆ ಕ್ಷಾರ ಏರುವುದೆಂದರೇನು? ನೀರು ಮಬ್ಬಾಗಿತ್ತು, ಪಂಪಿನ ಮೇಲೆ ಬಿಳಿ ಹಕ್ಕಳೆ ಕಟ್ಟಿತ್ತು. ಕೊಂಬಿನ ಎರಡು ತುದಿಯ ಚರ್ಮ ಸುಲಿದು ಒಳಗಿನ ಬಿಳಿ ಕಾಣುತ್ತಿತ್ತು. ಪರೀಕ್ಷೆಯ ಔಷಧವನ್ನೇ ಬಿಸಾಡಿ ಹೊಸತು ತಂದೆ, ಅದೂ ಹದಿನಾಲ್ಕನ್ನೇ ತೋರಿಸಿತು. ಅರ್ಧ ತೊಟ್ಟಿ ನೀರು ಬದಲಾಯಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಏನೂ ತಪ್ಪು ಮಾಡದ ತೊಟ್ಟಿಯ ದೀಪವನ್ನು ಬಿಚ್ಚಿಟ್ಟೆ. ಕೊನೆಗೆ ಗಂಡನ ಮೇಲೆ ಹರಿಹಾಯ್ದೆ.

"ನಿಜ ಹೇಳಿ, ನೀವೇನಾದ್ರೂ ಹಾಕಿದ್ರಾ?"

"ನಾನು ಕಾಫಿಗೇ ಸಕ್ಕರೆ ಹಾಕಿಕೊಳ್ಳದ ಸೋಮಾರಿ ಕಣೇ, ನಿನ್ನ ತೊಟ್ಟಿಗೆ ಹಾಕ್ತೀನಾ?" ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮಾವನವರನ್ನು ಕೇಳಿದ್ಯಾ?" ಅಂದರು.

"ಅಪ್ಪನ ಕೈ ತಪ್ಪೋದಾ? ನಾಲಿಗೆ ಬಿಗಿಹಿಡಿದು ಮಾತಾಡಿ," ಎಂದು ಕಿರುಚಿದೆ.

ಕಿರುಚಿದೆನಾದರೂ ಮನಸ್ಸು ತಡೆಯಲಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮರುದಿನ ಅರ್ಧಕ್ಕೇ ಕೆಲಸ ಬಿಟ್ಟು, ಹನ್ನೊಂದೂವರೆಗೆ ಸದ್ದಿಲ್ಲದೆ ಬಾಗಿಲು ತೆಗೆದು ಬಂದೆ.

ಅಪ್ಪ ತೊಟ್ಟಿಯ ಮುಂದೆ ನಿಂತಿದ್ದರು. ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಳಗಿನ ಗೆರೆಗೆ ಸರಿಯಾಗಿ ದ್ರಾವಣ ತುಂಬಿ, ನಿಧಾನವಾಗಿ ನೀರಿಗೆ ಬಿಟ್ಟರು. ಒಂದು ಹನಿ ಹೊರಗೆ ಬೀಳಲಿಲ್ಲ. ಮುಚ್ಚಳ ಒರೆಸಿ, ಬಾಟಲಿ ಇಟ್ಟು, ಕುರ್ಚಿಗೆ ಹೋಗಿ ಪತ್ರಿಕೆ ಹಿಡಿದರು. ಬೇಡ ಅಂದದ್ದನ್ನು ಕದ್ದು ಹಾಕುತ್ತಿದ್ದಾರೆ ಅಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಈಗ ಅನ್ನಿಸುತ್ತದೆ, ಅದು ಬರೀ ಹಟವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಪುಟ ತಿರುವುವಷ್ಟರಲ್ಲಿ ಅಪ್ಪ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು. "ಅಯ್ಯೋ, ಹೊತ್ತಾಯ್ತು" ಎಂದು ಎದ್ದು ಹೋಗಿ ಮತ್ತೆ ಒಂದು ಮುಚ್ಚಳ ಹಾಕಿದರು. ಅಷ್ಟೇ ಅಚ್ಚುಕಟ್ಟಾಗಿ. ಮತ್ತೆ ಕುರ್ಚಿ, ಮತ್ತೆ ಗಡಿಯಾರ. ಮೂರನೆಯ ಸಲ ನಾನು ಹೋಗಿ ಅವರ ಕೈ ಹಿಡಿದೆ.

"ಅಪ್ಪಾ, ಈಗ ತಾನೇ ಹಾಕಿದ್ರಲ್ಲಾ."

"ಎಲ್ಲಮ್ಮ, ಇನ್ನೂ ಹಾಕಿಲ್ಲ." ಅಪ್ಪ ನಕ್ಕರು. "ನಲವತ್ತು ವರ್ಷ ಅಳೆದವನಿಗೆ ಲೆಕ್ಕ ಕಲಿಸ್ತೀಯಾ? ಬಿಡು, ಹವಳ ಹಸಿದಿರುತ್ತೆ."

ನಾನು ಬಿಟ್ಟೆ. ಇನ್ನೇನು ಮಾಡಲಿ, ಬಿಟ್ಟೆ. ಊರವರ ಕಣ್ಣಿನ ದೋಷವನ್ನೆಲ್ಲ ಹಿಡಿಯುವವಳಿಗೆ ಮನೆಯೊಳಗಿನದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ನನ್ನಂಥವರನ್ನು ಕಂಡೇ ಇರಬೇಕು. ಇಷ್ಟು ದಿನ ನಾನು ಹನಿ ಎಣಿಸಿ ಬರೆದಿಟ್ಟದ್ದು ನೀರಿನ ಏರಿಳಿತವಲ್ಲ, ಅಪ್ಪನ ಮರೆವಿನ ಏರಿಳಿತ. ಡಾಕ್ಟರು ಆಮೇಲೆ ಹೇಳಿದ್ದು ಇದನ್ನೇ. ವಾಸಿಯಾಗುವಂಥದ್ದಲ್ಲ ಎಂಬುದೊಂದು ಮಾತು ಹೆಚ್ಚು.

ಬಿಳಿ ಬಾಟಲಿಯ ದ್ರಾವಣವನ್ನು ಬೇರೆ ಸೀಸೆಗೆ ಸುರಿದು ಬೀರುವಿನಲ್ಲಿ ಬಚ್ಚಿಟ್ಟೆ. ಬಾಟಲಿ ತೊಳೆದು, ಅಪ್ಪನಿಗೆಂದು ತೊಟ್ಟಿಯದೇ ನೀರು ತುಂಬಿಟ್ಟೆ. ಕೆಲಸಕ್ಕೆ ಹೊರಡುವ ಮುಂಚೆ ಬಚ್ಚಿಟ್ಟದ್ದರಿಂದ ನಾನೇ ಒಂದು ಮುಚ್ಚಳ ಹಾಕುತ್ತಿದ್ದೆ. ವಾರದೊಳಗೆ ಲೆಕ್ಕ ಎಂಟಕ್ಕೆ ಬಂದು ನಿಂತಿತು. ಸುಟ್ಟ ಕವಲು ಎರಡು ಹೋದವು, ಉಳಿದವು ಬಣ್ಣ ಹಿಡಿದವು. ಉಪ್ಪಣ್ಣ ಮನೆಗೇ ಬಂದು ನೋಡಿ, "ಗೆದ್ರಲ್ಲ ಅಕ್ಕಾ" ಅಂದ.

ಬಾಟಲಿಯ ಹಿಂಬದಿಗೆ ಒಂದು ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ಮುಚ್ಚಳಕ್ಕೊಂದರಂತೆ ಗೆರೆ ಹಾಕಿದ್ದೆ. ಸಂಜೆ ಬಂದವಳು ಮೊದಲು ನೋಡುತ್ತಿದ್ದದ್ದು ಅದನ್ನು. ಮೂರು ಮುಚ್ಚಳ. ಐದು. ಒಂದು ದಿನ ಒಂದೇ ಒಂದು, ಆ ದಿನ ಬಚ್ಚಲಿಗೆ ಹೋಗಿ ಸಂತೋಷಕ್ಕೆ ಅತ್ತೆ. ಮರುದಿನ ಒಂಬತ್ತು.

ನಿನ್ನೆ ಬಾಟಲಿ ಬೆಳಗ್ಗೆ ತುಂಬಿಟ್ಟ ಹಾಗೇ ಇತ್ತು.

"ಅಪ್ಪಾ, ಇವತ್ತು ಹಾಕ್ಲಿಲ್ವಾ?"

"ಏನನ್ನ?"

ತೊಟ್ಟಿ ತೋರಿಸಿದೆ. ನೋಡಿದರು. ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದರು, ಯಾರದೋ ಮನೆಗೆ ಹೋದವರು ತಲೆಯಾಡಿಸುವ ಹಾಗೆ. ನನಗೆ ತಡೆಯಲಾಗಲಿಲ್ಲ. ಬಾಟಲಿಯನ್ನೂ ಮುಚ್ಚಳವನ್ನೂ ತಂದು ಅವರ ಕೈಗಿಟ್ಟೆ, ಮಗುವಿನ ಹಾಗೆ ಹಟ ಹಿಡಿದು, ಹಾಕಿ ಅಪ್ಪಾ, ಎಷ್ಟಾದರೂ ಹಾಕಿ ಎಂದೆ.

ಕೈಗೆ ನೆನಪಿತ್ತು. ಮುಚ್ಚಳ ತಾನಾಗಿ ಕಣ್ಣಿನ ಮಟ್ಟಕ್ಕೆ ಏರಿತು, ನೀರು ಗೆರೆಗೆ ಸರಿಯಾಗಿ ನಿಂತಿತು. ತೊಟ್ಟಿಯ ಕಡೆ ತಿರುಗುತ್ತಾರೆಂದು ಕಾದೆ. ಅಪ್ಪ ಅದನ್ನು ನನ್ನ ಮುಂದೆ ಹಿಡಿದರು.

"ತಗೊಳ್ಳಿ. ಒಂದೇ ಗುಟುಕಿಗೆ ಕುಡಿದುಬಿಡಿ."

ಕುಡಿದೆ. ಬರೀ ಉಪ್ಪು.

"ದಿನಕ್ಕೊಂದೇ ಮುಚ್ಚಳ, ಮರೀಬೇಡಿ," ಅಂದರು ಅಪ್ಪ. ಮುಚ್ಚಳ ಒರೆಸುತ್ತ ನನ್ನ ಮುಖವನ್ನು ಕನಿಕರದಿಂದ ನೋಡಿದರು. "ತುಂಬಾ ಸೊರಗಿದೀರಲ್ಲಮ್ಮಾ. ನೋಡಿಕೊಳ್ಳೋಕೆ ಮನೇಲಿ ಯಾರಿದಾರೆ ನಿಮಗೆ?"

"ಅಪ್ಪ ಇದಾರೆ" ಅಂದೆ.