ಅಕ್ಕಿಯಲ್ಲಿ ಬರೆದ ಹೆಸರು

'ತಾರಾನಾಥ, ಎಕ್ಸಿಕ್ಯೂಟಿವ್ ಇಂಜಿನಿಯರ್' ಎಂದು ಹಳೆಯ ಟೆಂಡರ್ ಫಾರಮಿನ ಬೆನ್ನಿಗೆ ಬರೆದು, ಕೃಷ್ಣರಾಜ ಕುರ್ಚಿಯನ್ನು ಹಿಂದೆ ಸರಿಸಿ ದೂರದಿಂದ ನೋಡಿದ. ಅದರ ಕೆಳಗೆ 'ತಾರಾನಾಥ, ತಹಶೀಲ್ದಾರ್' ಎಂದು ಬರೆದ. ಅದೂ ನಿಂತಿತು. ಪಕ್ಕದಲ್ಲಿ ಎಂಥ ಹುದ್ದೆ ಇಟ್ಟರೂ ಹೆಸರು ಅಲುಗಬಾರದು, ಅವನಿಗೆ ಬೇಕಾದದ್ದು ಅಷ್ಟೆ. ಮಗ ಹುಟ್ಟಿ ಹತ್ತು ದಿನವಾಗಿತ್ತು. ನಾಳೆ ನಾಮಕರಣ.

ಪಕ್ಕದ ಮೇಜಿನ ಸೆವರಿನ್ ಕತ್ತು ಚಾಚಿ ಓದಿದ. "ಎಂತ ಮಾರಾಯ, ಬಂದರು ಮುಗಿಯುವ ಮೊದಲೇ ಇಂಜಿನಿಯರ್ ಬದಲಾದನಾ?"

"ಮಗನಿಗೆ ನೋಡಿದ ಹೆಸರು."

"ಪುಸ್ತಕಕ್ಕೆ ಸರಿ. ಮನೆಯಲ್ಲಿ ಎಂತ ಕರೀತೀರಿ?"

"ಇದನ್ನೇ."

"ಆಗುದಿಲ್ಲ. ನನ್ನ ಅಣ್ಣ ಪಾದ್ರಿಯ ಪುಸ್ತಕದಲ್ಲಿ ಒಸ್ವಾಲ್ಡ್. ಐವತ್ತೆರಡು ವರ್ಷ, ಏಳು ಮಕ್ಕಳು. ಮನೆಯಲ್ಲಿ ಇನ್ನೂ ಬಾಬು. ನಾಳೆ ಸತ್ತರೆ ಕಲ್ಲಿನ ಮೇಲೆ ಎಂತ ಕೆತ್ತಿಸುದು ಅಂತ ನನಗೆ ಚಿಂತೆ ಉಂಟು."

"ಇದು ನಗಾಡುವ ವಿಷಯ ಅಲ್ಲ."

"ನಾನೆಲ್ಲಿ ನಗಾಡಿದೆ, ಪುಟ್ಟು?"

ಕೃಷ್ಣರಾಜ ಕಾಗದವನ್ನು ಮಡಚಿ ಜೇಬಿಗೆ ಹಾಕಿದ. ಪಣಂಬೂರಿನಲ್ಲಿ ಬಂದರು ಕಟ್ಟಿಸುವ ಈ ಆಫೀಸಿಗೆ 'ಪುಟ್ಟು' ಬಂದದ್ದು ಹೋದ ವರ್ಷ. ಮರೆತು ಬಂದ ಬುತ್ತಿಯನ್ನು ಅಮ್ಮ ನೆರೆಮನೆಯವನ ಕೈಯಲ್ಲಿ ಕಳಿಸಿದ್ದಳು. ಅವನು ಗೇಟಿನಿಂದಲೇ "ಪುಟ್ಟು ಇದ್ದಾನಾ?" ಎಂದು ಕೂಗಿದ್ದ. ಅಂದಿನಿಂದ ಪ್ಯೂನುಗಳು ಕೂಡ ಅವನ ಮೇಜಿಗೆ ಫೈಲು ತರುವಾಗ ತುಟಿ ಕಚ್ಚಿಕೊಳ್ಳುತ್ತಿದ್ದರು.

ಕೃಷ್ಣರಾಜ ಎಂದು ಅವನಿಗೆ ಇಟ್ಟದ್ದು ಅಜ್ಜನ ಹೆಸರು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ಮನೆಯ ಕ್ರಮ. ಸೊಸೆ ಮಾವನ ಹೆಸರು ಹೇಳಬಾರದು ಎಂಬುದೂ ಕ್ರಮವೇ. ಹಾಗಾಗಿ ಅಮ್ಮನ ಬಾಯಲ್ಲಿ ಅವನು ಪುಟ್ಟುವಾದ. ಮೂವತ್ತೇಳು ವರ್ಷವಾದರೂ ಪುಟ್ಟುವೇ. ಮದುವೆ ಕಾಗದ ಅಚ್ಚು ಹಾಕಿಸುವಾಗ ಪ್ರೆಸ್ಸಿನವನು ಮದುಮಗನ ಹೆಸರು ಕೇಳಲು ಮನೆಗೆ ಬಂದಿದ್ದ. ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬಳೇ. ಅವಳು ತನಗೆ ಹೇಳಲು ಸಾಧ್ಯವಿದ್ದ ಹೆಸರನ್ನು ಹೇಳಿದಳು. 'ಚಿರಂಜೀವಿ ಪುಟ್ಟು' ಎಂದು ಮುನ್ನೂರು ಕಾಗದ ಊರಿಡೀ ಹೋದವು. ಹೆಂಡತಿ ಗಿರಿಜಾ ಗಂಡನ ಹೆಸರು ಹೇಳುವವಳಲ್ಲ. ಹೀಗೆ ಮನೆಯ ಹೆಂಗಸರು ಯಾರೂ ಅವನನ್ನು ಅವನ ಹೆಸರಿನಿಂದ ಕರೆದೇ ಇರಲಿಲ್ಲ. ದೇವಸ್ಥಾನದ ಪೂಜೆ ಅಪ್ಪನ ನಂತರ ಯಾರಿಗೆ ಎಂದು ಆಡಳಿತದ ಮೊಕ್ತೇಸರರು ಕೂತು ಮಾತಾಡಿದಾಗ, "ಪುಟ್ಟುವನ್ನು ಎಂತ ಕೇಳುದು" ಎಂದು ದಾಯಾದಿಗೆ ಕೊಟ್ಟುಬಿಟ್ಟಿದ್ದರು. ಅವನಿಗೆ ಪೂಜೆ ಬೇಕಾಗಿರಲಿಲ್ಲ. ಕೇಳಬೇಕಾಗಿತ್ತು.

ಆಫೀಸು ಬಿಟ್ಟ ಮೇಲೆ ಬಸ್ಸಿನಲ್ಲಿ ಕೂರಲಾಗದೆ ಎರಡು ಸ್ಟಾಪಿನ ಮೊದಲೇ ಇಳಿದು, ಬಿಜೈಯ ಮನೆಯವರೆಗೆ ಬಿಸಿಲಲ್ಲಿ ನಡೆದ. ಮನೆಯ ಜಗಲಿಯಲ್ಲಿ ಅಪ್ಪ ಹರಿದಾಸ ಭಟ್ಟರು ನಾಳೆಗೆ ಬೇಕಾದ ದರ್ಭೆಯನ್ನು ಗಂಟು ಹಾಕುತ್ತಿದ್ದರು. ಎಪ್ಪತ್ತೊಂದರ ಮುದುಕ. ಪುರೋಹಿತರಿಗೆ ಹೆಸರು ಆಗಲೇ ಹೇಳಿಯಾಗಿತ್ತು. ಮಗನನ್ನು ಕೇಳುವ ವಿಷಯ ಅದೆಂದು ಅವರಿಗೆ ಅನಿಸಿರಲೇ ಇಲ್ಲ. ಎಂಟು ವರ್ಷ ಕಾದು ಹುಟ್ಟಿದ ಮೊಮ್ಮಗ, ತನ್ನದಲ್ಲದೆ ಇನ್ನೇನು ಹೆಸರು?

ತವರಿನಲ್ಲಿ ಯಾರೂ ಇಲ್ಲದ್ದರಿಂದ ಗಿರಿಜಾಳ ಬಾಣಂತನ ಇಲ್ಲಿಯೇ ನಡೆದಿತ್ತು. ಕೃಷ್ಣರಾಜ ಕೋಣೆಯ ಬಾಗಿಲಲ್ಲಿ ನಿಂತ.

"ಮೆಲ್ಲ," ಎಂದಳು ಅವಳು. "ಅಪ್ಪು ಈಗಷ್ಟೇ ಮಲಗಿದ್ದು."

"ಯಾರು ಅಪ್ಪು?"

ಅವಳು ಮಗುವಿನ ಹೊದಿಕೆಯನ್ನು ಸರಿಮಾಡಿದಳು.

"ಯಾರು ಅಪ್ಪು, ಕೇಳಿದ್ದು."

"ನೀವೇ ಹೇಳಿ. ಮಾವನ ಹೆಸರು ಹಿಡಿದು ನಾನು ಕರೆಯುದು ಹೇಗೆ? ಚಡ್ಡಿ ಒದ್ದೆ ಮಾಡಿದ್ದಕ್ಕೆ ಆ ಹೆಸರು ಕರೆದು ಬೈಯುದಾ?"

ಅವನು ಅಡುಗೆಮನೆಗೆ ನಡೆದ. ಅಮ್ಮ ವಾರಿಜಾಕ್ಷಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಅಮ್ಮ, ಮಗುವಿಗೆ ತಾರಾನಾಥ ಅಂತ ಇಡ್ತೇನೆ."

"ಅವರಿಗೆ ಅದನ್ನು ಯಾರು ಹೇಳುದು? ಬೇರೆ ಹೆಸರಿಟ್ಟರೆ ಅವರ ಮೋರೆ ನೋಡ್ಲಿಕ್ಕೆ ನನ್ನಿಂದಾಗುದಿಲ್ಲ."

"ಹಾಗಾದ್ರೆ ಅವರ ಹೆಸರನ್ನೇ ಇಡುವ. ಆದ್ರೆ ನೀನು ಕರೀಬೇಕು. ನಾಳೆ ಮಗುವಿನ ಹತ್ತಿರ ಬಾಯಿಬಿಟ್ಟು ಹೇಳು, ಎಲ್ಲರಿಗೂ ಕೇಳುವ ಹಾಗೆ. ಹೇಳಿದ್ರೆ ಅದನ್ನೇ ಅಕ್ಕಿಯಲ್ಲಿ ಬರೀತೇನೆ. ಇಲ್ಲದಿದ್ರೆ ತಾರಾನಾಥ."

"ನಿನಗೆ ತಲೆ ಸರಿ ಉಂಟಾ? ಹೆಂಡತಿ ಗಂಡನ ಹೆಸರು ಹೇಳಿದ್ರೆ ಅವನ ಆಯುಷ್ಯ ಕಡಿಮೆ ಆಗ್ತದೆ."

"ಹೇಳದೆ ನನ್ನದು ಮೂವತ್ತೇಳು ವರ್ಷ ಕಡಿಮೆ ಆಗಿದೆಯಲ್ಲ."

ತುರಿಯುವ ಸದ್ದು ನಿಂತಿತು. ಅಮ್ಮ ಅವನ ಮುಖವನ್ನು ನೋಡಿದಳು, ಸಿಟ್ಟಿನಿಂದಲ್ಲ, ಎಲ್ಲೋ ನೋಡಿದ ಮನುಷ್ಯನನ್ನು ಗುರುತು ಹಿಡಿಯುವ ಹಾಗೆ. ಮತ್ತೆ ತುರಿಯತೊಡಗಿದಳು. ಆ ಸಂಜೆ ಅವಳು ಅವನನ್ನು ಊಟಕ್ಕೆ ಕರೆಯಲಿಲ್ಲ. ಬಟ್ಟಲು ಇಟ್ಟಳು, ಅಷ್ಟೆ.

ಬೆಳಿಗ್ಗೆ ಹತ್ತಕ್ಕೆ ಚಾವಡಿ ತುಂಬಿತು. ಗಿರಿಜಾ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಹರಿದಾಸ ಭಟ್ಟರು ಬಂದವರನ್ನು ಕೂರಿಸುವ ನೆಪದಲ್ಲಿ ಜಗಲಿಯಲ್ಲೇ ಉಳಿದರು. ತನ್ನ ಹೆಸರು ಇಡುವಾಗ ಮುಂದೆ ಬಂದು ಕೂರುವುದು ಅವರಿಗೆ ನಾಚಿಕೆ. ಹಿತ್ತಾಳೆಯ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮುಂದೆ ಕೃಷ್ಣರಾಜ ಬಂಗಾರದ ಉಂಗುರ ಹಿಡಿದಿದ್ದ. ಬೆರಳು ಬೆವತು ಉಂಗುರ ಜಾರುತ್ತಿತ್ತು.

"ಬರೀರಿ," ಎಂದರು ಪುರೋಹಿತರು.

ಅವನು ಅಮ್ಮನ ಕಡೆ ನೋಡಿದ. ಅವಳು ಕಂಬಕ್ಕೆ ಒರಗಿ ಆರತಿಯ ಬತ್ತಿಯನ್ನು ಹೊಸೆಯುತ್ತಿದ್ದಳು. ಹೊಸೆದಾದ ಬತ್ತಿಯನ್ನೇ ಮತ್ತೆ ಹೊಸೆಯುತ್ತಿದ್ದಳು.

"ಬರೀರಿ ಮಾರಾಯ್ರೆ, ಮುಹೂರ್ತ ಹೋಗ್ತದೆ."

ಅವನು 'ತಾ' ಎಂದು ಬರೆದ. ಪುರೋಹಿತರು ಬಗ್ಗಿ ನೋಡಿ, ಹುಬ್ಬೇರಿಸಿ, ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ವಾರಿಜಾಕ್ಷಿ ಬತ್ತಿಯನ್ನು ಕೆಳಗಿಟ್ಟು ಎದ್ದು ಬಂದಳು. ಬರೆಯುವ ಮೊದಲು ಹೆಸರು ಹೇಳುವ ಕ್ರಮವಿಲ್ಲ. ಅವಳು ಗಿರಿಜಾಳ ಮುಂದೆ ಮೊಣಕಾಲೂರಿ ಮಗುವಿನ ಕಿವಿಯ ಹತ್ತಿರ ಬಾಗಿದಳು. ಪಿಸುಗುಡುತ್ತಾಳೆ, ಅದನ್ನು ನಾನು ಒಪ್ಪುವುದಿಲ್ಲ ಎಂದು ಕೃಷ್ಣರಾಜ ಲೆಕ್ಕ ಹಾಕಿದ.

"ಹರಿದಾಸ," ಎಂದಳು ವಾರಿಜಾಕ್ಷಿ.

ಹಿತ್ತಲ ತುದಿಯಲ್ಲಿ ಇರುವವನನ್ನು ಕರೆಯುವಷ್ಟು ಗಟ್ಟಿಯಾಗಿತ್ತು ಅದು.

"ಓ," ಎಂಬ ಉತ್ತರ ಜಗಲಿಯಿಂದ ಬಂತು. "ಬಂದೆ."

ಭಟ್ಟರು ಶಲ್ಯವನ್ನು ಹೆಗಲಿಗೆ ಎಳೆದುಕೊಳ್ಳುತ್ತ ಬಾಗಿಲಿಗೆ ಬಂದು ನಿಂತು, ಕರೆದದ್ದು ಯಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಅವರ ಕಣ್ಣು ಹೆಂಡತಿಯ ಬೆನ್ನಿನ ಮೇಲೆ ನಿಂತಿತು. ಅವಳು ತಿರುಗಲಿಲ್ಲ. ಮಗುವಿನ ಕಿವಿಯ ಮೇಲೆ ಬಿದ್ದಿದ್ದ ಅಕ್ಕಿಕಾಳೊಂದನ್ನು ತೆಗೆದಳು.

ಗಿರಿಜಾ ತಲೆ ತಗ್ಗಿಸಿ, ತುಟಿ ಮಾತ್ರ ಅಲ್ಲಾಡಿಸಿ, ಅದೇ ಹೆಸರನ್ನು ಹೇಳಿನೋಡಿದಳು.

ಕೃಷ್ಣರಾಜ ಅಂಗೈಯಿಂದ ಅಕ್ಕಿಯನ್ನು ಸವರಿದ. 'ತಾ' ಹೋಯಿತು. ಅಪ್ಪನ ಹೆಸರಿನ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ, ಆಫೀಸಿನ ಬೋರ್ಡಿನಲ್ಲಿ ಬರೆಯುವ ಹಾಗೆ ಬಿಡಿಸಿ ಬಿಡಿಸಿ ಬರೆದ.

"ಪುಟ್ಟು," ಎಂದಳು ಅಮ್ಮ, ಅವನ ಕಡೆ ನೋಡದೆ. "ಸ್ವಲ್ಪ ಆಚೆ ಸರಿ. ಅವರು ಬಂದು ಕೂತುಕೊಳ್ಳಲಿ."

ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಕ್ಷರ ಅಲುಗದ ಹಾಗೆ ನಿಧಾನವಾಗಿ ಸರಿಯಲು ನೋಡಿದ. ಆದರೂ ಅಂಚಿನಿಂದ ಅಕ್ಕಿ ಜರಿಯತೊಡಗಿತು.