ಒಂದನೇ ನಂಬರ್ ಗಾಡಿಯ ಬಲಬಾಗಿಲು

ಕೆರ್ನ್‌ಹಾರ್ಟ್ ಕಾರ್ಖಾನೆಯಿಂದ ಫೋನು ಬಂದಾಗ ವೆಂಡೆಲಿನ್ ಮಾಕ್ ಮೆಟ್ಟಿಲು ಗುಡಿಸುತ್ತಿದ್ದ. ಆ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು; ಆ ವಾರದ ಸರದಿ ಅವರ ಮನೆಯದು. ಎಪ್ಪತ್ತೇಳರ ಮೊಣಕಾಲು ನೋಯುತ್ತಿದ್ದರೂ, ಕೆಳಗಿನ ಮನೆಯ ವಿಧವೆ ಬಾಗಿಲ ಕಿಂಡಿಯಿಂದ ನೋಡುತ್ತಾಳೆಂದು ಮೂಲೆಗಳನ್ನೂ ಬಿಡದೆ ಒರೆಸುತ್ತಿದ್ದ. ಹೆಂಡತಿ ರೋಸ್ವಿಟಾ ಮೇಲಿನಿಂದ ಕೂಗಿದಳು.

"ವೆಂಡಲ್, ನಿನ್ನ ಕೆರ್ನ್‌ಹಾರ್ಟಿನವರು! ರಿಟೈರಾಗಿ ಹದಿನಾಲ್ಕು ವರ್ಷ ಆದ್ಮೇಲೆ ನೆನಪಾಗಿದೆ. ಇನ್ನೂ ಇದ್ದಾನಾ ಅಂತ ಕೇಳ್ತಿದ್ದಾರೆ."

"ನೀನೇನಂದೆ?"

"ಇದ್ದಾನೆ, ಮೆಟ್ಟಿಲು ಗುಡಿಸ್ತಿದ್ದಾನೆ ಅಂದೆ."

ಫೋನಿನಲ್ಲಿದ್ದವಳು ಹೆನ್ರೀಕೆ ಫಾಲ್ಕ್. ಕಾರ್ಖಾನೆಯ ಹಳೆಯ ಕಾರುಗಳನ್ನೂ ಕಾಗದಪತ್ರಗಳನ್ನೂ ನೋಡಿಕೊಳ್ಳುವ ಡಾಕ್ಟರು, ಇತಿಹಾಸದ ಡಾಕ್ಟರು. ಬಡಗಣ ಸಮುದ್ರದ ಕಡೆಯ ಹೆಂಗಸು. ಮಾತು ಪ್ರತಿಯೊಂದೂ ಇಸ್ತ್ರಿ ಹಾಕಿದ ಹಾಗೆ ಬರುತ್ತಿತ್ತು. ಕಾರ್ಖಾನೆಗೆ ನೂರು ವರ್ಷ ತುಂಬುತ್ತಿದೆ, ಹೊಸ ಸಂಗ್ರಹಾಲಯದಲ್ಲಿ ಒಂದನೇ ನಂಬರ್ ಗಾಡಿಯನ್ನು ತಿರುಗುವ ವೇದಿಕೆಯ ಮೇಲೆ ನಿಲ್ಲಿಸುತ್ತೇವೆ, ಒಂದು ಬಾಗಿಲಿನ ಕೆಲಸವಿದೆ, ಅಲ್ಯೂಮಿನಿಯಂ ತಗಡನ್ನು ಕೈಯಲ್ಲಿ ಬಡಿದು ಮಾಡುವವರು ನಮ್ಮಲ್ಲಿ ಈಗ ಯಾರೂ ಇಲ್ಲ ಎಂದಳು.

"ಯಾವ ಕಡೆ ಬಾಗಿಲು?" ವೆಂಡೆಲಿನ್ ಕೇಳಿದ.

"ಬಲಗಡೆದು."

ಅವನು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ಮಂಗಳವಾರ ಬರುತ್ತೇನೆಂದು ಫೋನಿಟ್ಟ.

ಒಂದನೇ ನಂಬರ್ ಗಾಡಿಯ ಕತೆ ಆ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಯುದ್ಧದ ಕಾಲದಲ್ಲಿ ಕೆರ್ನ್‌ಹಾರ್ಟಿನವರು ವಿಮಾನದ ರೆಕ್ಕೆ ಮಾಡುತ್ತಿದ್ದರು. ಆ ಕೆಲಸಕ್ಕೆ ಯಾರನ್ನು ಎಲ್ಲಿಂದ ಹಿಡಿದು ತಂದಿದ್ದರು, ಅವರಲ್ಲಿ ಎಷ್ಟು ಜನ ಮರಳಿ ಹೋದರು ಎಂಬುದನ್ನು ಬಹಳ ವರ್ಷ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುತ್ತಿದ್ದದ್ದು 1949ರ ಕತೆ. ಸೂರು ಹಾರಿಹೋದ ಶೆಡ್ಡಿನಲ್ಲಿ ಆರು ಜನ ಮರದ ಕೊಡತಿ ಹಿಡಿದು ಯುದ್ಧದ ನಂತರದ ಮೊದಲ ಕಾರನ್ನು ಕಟ್ಟಿದರು. ಅಚ್ಚು ಇರಲಿಲ್ಲ, ಯಂತ್ರ ಇರಲಿಲ್ಲ, ಹೊಟ್ಟೆಗೂ ಸರಿಯಾಗಿ ಇರಲಿಲ್ಲ. ಆದರೂ ಬಾಗಿಲಿಗೂ ಮೈಗೂ ನಡುವಿನ ಸಂದು ಸುತ್ತಲೂ ನಾಲ್ಕೇ ಮಿಲಿಮೀಟರ್. ಹಸಿದ ಹೊಟ್ಟೆಯಲ್ಲೂ ನಾಲ್ಕು ಮಿಲಿಮೀಟರ್ ತಪ್ಪದವರ ಕಾರು ಎಂದೇ ಲೋಕ ಕೆರ್ನ್‌ಹಾರ್ಟ್ ಕಾರನ್ನು ಕೊಂಡಿತು. ಡಾಕ್ಟರು, ವಕೀಲರು, ಆಮೇಲೆ ಮಂತ್ರಿಗಳು, ಆಮೇಲೆ ಅರಬ್ಬರು. ಬಾಗಿಲು ಬಡಿದವನು ಆ ಆರು ಜನರಲ್ಲಿ ಹಿರಿಯ, ಓಸ್ವಾಲ್ಡ್ ಬಿಟ್ಸರ್; ಮುಂದೆ ಮೇಸ್ತ್ರಿಯಾದ. ತರಬೇತಿ ಶಾಲೆಗೆ ಈಗ ಅವನದೇ ಹೆಸರು. ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಮೊದಲ ಪಾಠ ಈ ನಾಲ್ಕು ಮಿಲಿಮೀಟರು.

ಮಂಗಳವಾರ ಕಾರ್ಖಾನೆಯ ಶೆಡ್ಡಿನಲ್ಲಿ ಹೆನ್ರೀಕೆ ಫಾಲ್ಕ್ ಅವನನ್ನು ಗಾಡಿಯ ಬಲಗಡೆಗೆ ಕರೆದುಕೊಂಡು ಹೋದಳು. ಹಳೆಯ ಸಂಗ್ರಹಾಲಯದಲ್ಲಿ ಐವತ್ತು ವರ್ಷ ಗೋಡೆಗೆ ಒರಗಿ ನಿಂತಿದ್ದ ಬದಿ ಅದು. ಹಿಂದೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

"ನೀವೇ ನೋಡಿ, ಹೆರ್ ಮಾಕ್. ಮೇಲೆ ಏಳು ಮಿಲಿಮೀಟರ್, ಕೆಳಗೆ ಮೂರು. ನಡುವೆ ಒಂದು ಕಡೆ ಉಬ್ಬು. ಎಡಗಡೆ ನೋಡಿದ್ರೆ ಎಲ್ಲಿ ಅಳೆದ್ರೂ ನಾಲ್ಕು. ಎರಡೂ ಒಂದೇ ಕೈ ಕೆಲಸ ಅಲ್ಲ ಅನ್ನೋದು ನನ್ನ ಕಣ್ಣಿಗೂ ಕಾಣುತ್ತೆ."

"ಹೌದು. ಒಂದೇ ಕೈದಲ್ಲ."

"ಐವತ್ತರ ದಶಕದಲ್ಲಿ ಎಲ್ಲೋ ಗುದ್ದಿಸಿಕೊಂಡಿರಬೇಕು. ಯಾರೋ ಹಳ್ಳಿ ಗ್ಯಾರೇಜಿನವನು ಹೊಸ ಬಾಗಿಲು ಹಾಕಿದಾನೆ. ಎಡಗಡೆ ಅಸಲಿನ ಅಳತೆ ತಗೊಂಡು ನೀವು ಬಲಕ್ಕೊಂದು ಮಾಡಿಕೊಡಬೇಕು. ಎಷ್ಟು ದಿನ ಬೇಕು?"

"ಎರಡು ವಾರ. ಈಗಿರೋದನ್ನ ಏನು ಮಾಡ್ತೀರಿ?"

"ಗುಜರಿಗೆ ಹಾಕ್ತಾರೆ. ನಿಮಗೆ ಬೇಕಿದ್ರೆ ತಗೊಂಡು ಹೋಗಿ, ಕೋಳಿ ಗೂಡಿಗೆ ಹಾಕ್ಕೊಳ್ಳಿ." ಅವಳು ನಕ್ಕಳು.

ವೆಂಡೆಲಿನ್ ನಗಲಿಲ್ಲ. ಒಪ್ಪಿಗೆಯ ಹಾಗೆ ತಲೆ ಆಡಿಸಿ, ಬಲಬಾಗಿಲನ್ನು ಬಿಚ್ಚಿ ಬೆಂಚಿನ ಮೇಲೆ ಮಲಗಿಸಿ, ಒಳಗಿನ ಬಟ್ಟೆಯ ಹೊದಿಕೆ ಕಿತ್ತ. ಹೆನ್ರೀಕೆ ಮೀಟಿಂಗಿಗೆ ಹೋದಳು. ಶೆಡ್ಡಿನಲ್ಲಿ ಅವನೊಬ್ಬನೇ ಉಳಿದ.

ಅವನಿಗೆ ಮೊದಲೇ ಗೊತ್ತಿದ್ದದ್ದೇ ಒಳಗಿತ್ತು. ಹನ್ನೊಂದು ತುಂಡುಗಳನ್ನು ಬೆಸೆದು ಮಾಡಿದ ಬಾಗಿಲು. ಒಂದು ತುಂಡು ತೆಳ್ಳಗೆ, ಇನ್ನೊಂದು ದಪ್ಪ. ಒಂದರ ಮೇಲೆ ವಿಮಾನದ ರೆಕ್ಕೆಯ ಬಣ್ಣ ಇನ್ನೂ ಅಂಟಿತ್ತು. ಬೆಸುಗೆ ಕೆಲವು ಕಡೆ ಸುಟ್ಟು ತೂತಾಗಿ, ಮತ್ತೆ ಮುಚ್ಚಿತ್ತು. ಕೊಡತಿಯ ಏಟುಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಬಿದ್ದಿದ್ದವು; ಬಡಿಯುವವನು ನಡುನಡುವೆ ಕೈ ಸೋತು ನಿಂತ ಹಾಗಿತ್ತು. ಇದು ಬಿಟ್ಸರನ ಕೈ, 1949ರದು. ಎಡಗಡೆಯದು ಅಸಲಲ್ಲ. ಎಡಗಡೆಯದು ವೆಂಡೆಲಿನ್ ಮಾಕ್ 1971ರಲ್ಲಿ ಮಾಡಿದ್ದು.

ಆಗ ಅವನಿಗೆ ಇಪ್ಪತ್ತನಾಲ್ಕು. ಕಾರ್ಖಾನೆಯ ಮೊದಲ ದಪ್ಪ ಪುಸ್ತಕಕ್ಕೆ ಫೋಟೋ ತೆಗೆಯುವವನು ಬರುವುದಿತ್ತು. ಹಬ್ಬದ ರಜೆಯಲ್ಲಿ ಎಲ್ಲರೂ ಊರಿಗೆ ಹೋದ ಮೇಲೆ ಬಿಟ್ಸರ್ ಇವನೊಬ್ಬನನ್ನೇ ಕರೆದ. "ಎಡಬಾಗಿಲು ಒಂದನ್ನ ಹೊಸದಾಗಿ ಮಾಡು, ಸಾಕು. ಫೋಟೋದವನು ಆ ಕಡೆಯಿಂದಲೇ ತೆಗೀತಾನೆ. ಸುತ್ತ ನಾಲ್ಕು ಮಿಲಿಮೀಟರ್. ಬಾಯಿ ಮುಚ್ಚಿಕೊಂಡಿರು" ಎಂದ. ಹಳೆಯ ಎಡಬಾಗಿಲನ್ನು ಬಿಟ್ಸರ್ ತಾನೇ ಗರಗಸ ಹಿಡಿದು ನಾಲ್ಕು ತುಂಡು ಮಾಡಿ ಕರಗಿಸಲು ಹೋಗುವ ಗುಜರಿ ಡಬ್ಬಕ್ಕೆ ಹಾಕಿದ. ಹಾಕುವಾಗ ಅದರ ಕಡೆ ನೋಡಲಿಲ್ಲ. ಹತ್ತು ದಿನಕ್ಕೆ ಹೊಸದು ಕೂತಾಗ, ಅಳತೆಯ ಕಡ್ಡಿಯನ್ನು ಸಂದಿನ ಸುತ್ತ ಒಂದು ಸಲ ಓಡಿಸಿ, ಏನೂ ಹೇಳದೆ ತನ್ನ ಬುತ್ತಿಯ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟ. ಆ ಕಣಿವೆಯ ಜನ ಕೆಲಸವನ್ನು ಬಾಯಲ್ಲಿ ಹೊಗಳುವವರಲ್ಲ. ತಪ್ಪು ತೆಗೆಯದಿದ್ದರೆ ಅದೇ ದೊಡ್ಡದು. ಬ್ರೆಡ್ಡು ಕೊಟ್ಟದ್ದನ್ನು ವೆಂಡೆಲಿನ್ ಯಾರಿಗೂ ಹೇಳಿರಲಿಲ್ಲ.

ಆ ವರ್ಷದ ಪುಸ್ತಕದಲ್ಲಿ ಎಡಬಾಗಿಲ ಫೋಟೋ ಬಂತು. ಕೆಳಗೆ ಯಾರೋ ಬರೆದರು: 1949ರಲ್ಲೇ ನಾಲ್ಕು ಮಿಲಿಮೀಟರ್. ಬಿಟ್ಸರ್ ಆ ಪುಟ ಓದಿ ಪುಸ್ತಕ ಮುಚ್ಚಿದ್ದನ್ನು ವೆಂಡೆಲಿನ್ ಕಂಡಿದ್ದ. ಬಿಟ್ಸರ್ ಸಾಯುವವರೆಗೆ, ಹದಿನೇಳು ವರ್ಷ, ಆ ವಿಷಯ ಇಬ್ಬರ ನಡುವೆ ಬರಲಿಲ್ಲ.

ಸಂಜೆ ಊಟದ ಹೊತ್ತಿಗೆ ಅವನು ಹೆಂಡತಿಗೆ ಹೇಳಿದ. ರೋಸ್ವಿಟಾ ಕಣಿವೆಯ ರೂಢಿಯಂತೆ ಬೇಳೆಗೆ ವಿನೆಗರ್ ಹಾಕುತ್ತಿದ್ದವಳು ಬಾಟಲಿ ಕೆಳಗಿಟ್ಟಳು.

"ಮದುವೆಯಾಗಿ ಐವತ್ತೊಂದು ವರ್ಷ. ಒಂದು ಬಾಗಿಲ ವಿಷಯ ಬಚ್ಚಿಟ್ಟಿದ್ದೀಯಲ್ಲೋ ಮಾರಾಯ!"

"ನೀನು ಕೇಳಲಿಲ್ಲ."

"ಏನಂತ ಕೇಳಬೇಕಿತ್ತು? ಇವತ್ತು ಊಟಕ್ಕೇನು ಮಾಡ್ಲಿ, ಯಾವ ಬಾಗಿಲು ಸುಳ್ಳು ಅಂತಲಾ?"

ಅವನು ತಟ್ಟೆ ಎಳೆದುಕೊಂಡ. ಅವಳು ಎದುರಿಗೆ ಕೂತಳು.

"ಸುಮ್ನೆ ಬಲಕ್ಕೂ ಒಂದು ಮಾಡಿಕೊಡು, ಮುಗೀತು. ಹೇಳಿದ್ರೆ ಯಾರಿಗೇನು ಲಾಭ?"

"ಮಾಡಿಕೊಟ್ರೆ ಬಿಟ್ಸರ್ ಮಾಡಿದ್ದು ಒಂದೂ ಉಳಿಯಲ್ಲ. ಇರೋದು ಇದೊಂದೇ."

"ಹಾಗಿದ್ರೆ ಹೇಳು."

"ಹೇಳಿದ್ರೆ, ಸುಳ್ಳು ಬಾಗಿಲು ಹಾಕಿಸಿದ ಮೇಸ್ತ್ರಿ ಅಂತ ಊರೆಲ್ಲ ಆಡಿಕೊಳ್ಳುತ್ತೆ. ಶಾಲೆ ಮೇಲೆ ಹೆಸರಿದೆ."

"ಸತ್ತು ಮೂವತ್ತಾರು ವರ್ಷ ಆಯ್ತಲ್ಲೋ ಅವನು." ಅವಳು ಅವನ ಮುಖವನ್ನೇ ನೋಡಿದಳು. "ನಿಂದೇನು? ಅದು ಹೇಳು ಮೊದಲು."

ವೆಂಡೆಲಿನ್ ಚಮಚದಿಂದ ಬೇಳೆ ಕದಡಿದ. ಭಾನುವಾರಗಳಲ್ಲಿ ಅವನು ಎಷ್ಟೋ ಸಲ ಟಿಕೆಟ್ ಕೊಂಡು ಹಳೆಯ ಸಂಗ್ರಹಾಲಯಕ್ಕೆ ಹೋಗಿದ್ದ. ಜನ ಎಡಬಾಗಿಲ ಮುಂದೆ ಬಗ್ಗಿ ಸಂದನ್ನು ನೋಡಿ ಬಾಯಲ್ಲಿ ಗಾಳಿ ಎಳೆದುಕೊಳ್ಳುವುದನ್ನು ಹಿಂದೆ ನಿಂತು ಕೇಳಿದ್ದ. ಅವರು ಮೆಚ್ಚುತ್ತಿದ್ದದ್ದು ಹಸಿದ ಆರು ಜನರನ್ನು. ಅವನು ಹೊಟ್ಟೆ ತುಂಬಿದ ಕಾಲದಲ್ಲಿ, ಒಂದೇ ಹೊಸ ತಗಡಿನ ಹಾಳೆಯಿಂದ, ಒಳ್ಳೆಯ ಬೆಳಕಿನಲ್ಲಿ ಅದನ್ನು ಮಾಡಿದ್ದ. ಗೊತ್ತಾದರೆ ಯಾರೂ ಬಗ್ಗಿ ನೋಡುವುದಿಲ್ಲ.

"ಬೇಳೆ ಆರಿಹೋಗುತ್ತೆ, ತಿನ್ನು," ಎಂದಳು ರೋಸ್ವಿಟಾ.

ಬುಧವಾರ ಅವನು ಎಡಬಾಗಿಲನ್ನೂ ಬಿಚ್ಚಿದ. ಎರಡನ್ನೂ ಪಕ್ಕಪಕ್ಕ ಬೆಂಚಿನ ಮೇಲಿಟ್ಟು ಹೆನ್ರೀಕೆಯನ್ನು ಕರೆಸಿದ. ಅವಳು ಬಂದವಳೇ ಗಾಬರಿಯಾದಳು.

"ಅಯ್ಯೋ, ಅಸಲಿಗೆ ಯಾಕೆ ಕೈ ಹಾಕಿದ್ರಿ? ಅದಕ್ಕೆ ಕಮಿಟಿ ಅನುಮತಿ ಬೇಕು!"

"ಫ್ರೌ ಡಾಕ್ಟರ್, ಕಾಗದ ಆಮೇಲೆ. ಕೈ ಕೊಡಿ."

ಅವಳ ಅಂಗೈಯನ್ನು ಮೊದಲು ಎಡಬಾಗಿಲ ಒಳಮೈ ಮೇಲೆ ಇಟ್ಟ. ಆಮೇಲೆ ಬಲಬಾಗಿಲ ಮೇಲೆ. ಅವಳ ಬೆರಳು ಬೆಸುಗೆಗಳ ಮೇಲೆ ತಡವರಿಸುತ್ತ ಹೋಗಿ ವಿಮಾನದ ಬಣ್ಣದ ಹತ್ತಿರ ನಿಂತಿತು. ಬಗ್ಗಿ ನೋಡಿದಳು. ಅಲ್ಲಿ ಅರ್ಧ ಅಳಿಸಿದ ಮೂರು ಅಂಕಿಗಳಿದ್ದವು, ಯುದ್ಧಕಾಲದ ವಿಮಾನದ ತಗಡಿನ ನಂಬರು.

"ಇದು ನಲವತ್ತೊಂಬತ್ತರದು," ಎಂದಳು.

"ಹೌದು."

"ಹಾಗಾದ್ರೆ ಅದು? ಆ ಒಂದೇ ಹಾಳೆದು?"

"ಎಪ್ಪತ್ತೊಂದು. ಮೇ ತಿಂಗಳು."

"ಯಾರ ಕೆಲಸ?"

"ನಂದು."

ಅವಳು ಸ್ಟೂಲಿನ ಮೇಲೆ ಕೂತಳು. "ಬಿಟ್ಸರ್‌ಗೆ ಗೊತ್ತಿತ್ತಾ?"

"ಅವರೇ ಮಾಡಿಸಿದ್ದು."

"ಯಾಕೆ, ಹೆರ್ ಮಾಕ್? ಇದೇ ಅಲ್ವಾ ದೊಡ್ಡ ಕತೆ? ಹನ್ನೊಂದು ತುಂಡು! ಇದನ್ನ ತೋರಿಸೋಕೆ ಅವರಿಗೇನು ನಾಚಿಕೆ?"

ವೆಂಡೆಲಿನ್ ಬಲಬಾಗಿಲ ಅಂಚಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಈ ಹೆಂಗಸು ಸಮುದ್ರದ ಕಡೆಯವಳು, ಈ ಕಣಿವೆಯವಳಲ್ಲ ಎಂಬುದು ಅವನಿಗೆ ಮತ್ತೆ ನೆನಪಾಯಿತು.

"ಅದು ಓರೆ ಇದೆಯಲ್ಲ," ಎಂದ.

ಓರೆ ಕೂತ ಬಾಗಿಲನ್ನು ಹಸಿವೆಯ ನೆಪ ಹೇಳಿ ನಾಲ್ಕು ಜನರ ಮುಂದೆ ಇಡುವವನಲ್ಲ ಬಿಟ್ಸರ್. ಹಸಿವೆ ಮನೆಯ ವಿಷಯ. ಸಂದು ಕೆಲಸದ ವಿಷಯ.

ಹೆನ್ರೀಕೆ ಮೇಲಿನವರಿಗೆ ಫೋನು ಮಾಡಿದಳು. ಆ ಕಡೆಯ ಮಾತು ವೆಂಡೆಲಿನ್‌ಗೆ ಕೇಳಲಿಲ್ಲ, ಇವಳದು ಮಾತ್ರ ಕೇಳಿತು. "ಇಲ್ಲ, ತಪ್ಪಾಗಿರೋದು ನಮ್ಮ ಪುಸ್ತಕದಲ್ಲಿ... ಹೌದು, ಐವತ್ತು ವರ್ಷದಿಂದ... ಜಾಹೀರಾತು ನನ್ನ ಇಲಾಖೆ ಅಲ್ಲ... ಇಲ್ಲ, ಸಾಕ್ಷಿ ಇಲ್ಲೇ ನಿಂತಿದ್ದಾರೆ, ಸುತ್ತಿಗೆ ಹಿಡ್ಕೊಂಡು." ಫೋನಿಟ್ಟವಳ ಕುತ್ತಿಗೆ ಕೆಂಪಾಗಿತ್ತು.

"ಫಲಕದ ಮೇಲೆ ಏನು ಬರೀಬೇಕು ಅಂತ ಅವರು ಯೋಚನೆ ಮಾಡ್ತಾರಂತೆ. ನೂರನೇ ವರ್ಷಕ್ಕೆ ಇದು ಬೇಕಿತ್ತಾ ಅಂತ ಕೇಳಿದ್ರು. ಬಾಗಿಲು ಗುಜರಿಗೆ ಹೋಗಲ್ಲ, ಅದಕ್ಕೆ ನನ್ನ ಸಹಿ ಸಾಕು. ಆದ್ರೆ ನೀವು ಬರೆದುಕೊಡಬೇಕು."

ಅವಳು ಕಾಗದ ಕೊಟ್ಟಳು. ಅವನು ಬೆಂಚಿನ ಮೇಲೆ ಬಗ್ಗಿ, ಶಾಲೆಯ ದೊಡ್ಡ ಅಕ್ಷರದಲ್ಲಿ ಬರೆದ. ಎಡಬಾಗಿಲು: ವೆಂಡೆಲಿನ್ ಮಾಕ್, ಮೇ 1971. ಬಲಬಾಗಿಲು: ಓಸ್ವಾಲ್ಡ್ ಬಿಟ್ಸರ್, 1949. ಎಡಬಾಗಿಲು ಬದಲಾಯಿಸಿದ್ದು ನಾನು. ಯಾರು ಹೇಳಿದರು ಎಂಬುದನ್ನು ಬರೆಯದೆ ಸಹಿ ಹಾಕಿದ. ಹೆನ್ರೀಕೆ ಓದಿದಳು; ಅದನ್ನು ಗಮನಿಸಿದಳು ಎಂಬುದು ಅವಳು ಪೆನ್ನು ತಿರುಗಿಸಿದ ರೀತಿಯಲ್ಲೇ ತಿಳಿಯಿತು.

"ನೀವು ಈಗಷ್ಟೇ ಹೇಳಿದ್ರಿ, ಬಿಟ್ಸರ್ ಮಾಡಿಸಿದ್ದು ಅಂತ."

"ನಿಮ್ಮ ಕಿವೀಲಿ ಹೇಳಿದೆ. ನೀವು ಡಾಕ್ಟರು, ಬರೆಯೋದು ಬಿಡೋದು ನಿಮ್ಮ ಕೆಲಸ. ನನ್ನ ಕೈಯಲ್ಲಿ ಬರೆಸಬೇಡಿ."

ಅವಳು ಕಾಗದವನ್ನು ಮಡಿಸದೆ ಫೈಲಿನೊಳಗೆ ಇಟ್ಟಳು.

ಬಾಗಿಲುಗಳನ್ನು ಮತ್ತೆ ಕೂರಿಸುವುದೇ ಉಳಿದಿತ್ತು. ಎಡಗಡೆಯದು ಅರ್ಧ ಗಂಟೆಯ ಕೆಲಸ. ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಬಲಗಡೆಯದಕ್ಕೆ ಹೆನ್ರೀಕೆ ಕೆಳಗಿನಿಂದ ಆತುಕೊಂಡು ನಿಂತಳು. ಅವನು ಕೀಲಿನ ಸ್ಕ್ರೂ ಹಾಕಿ, ಬಾಗಿಲು ಮುಚ್ಚಿ, ಅಳತೆಯ ಕಡ್ಡಿ ಓಡಿಸಿದ. ಮೇಲೆ ಐದೂವರೆ, ಕೆಳಗೆ ನಾಲ್ಕು.

"ಮೊದಲಿಗಿಂತ ಚೆನ್ನಾಗಿ ಕೂತಿದೆಯಲ್ಲ!" ಎಂದಳು ಹೆನ್ರೀಕೆ.

ವೆಂಡೆಲಿನ್ ತನ್ನ ಕೈಗಳನ್ನು ನೋಡಿಕೊಂಡ. ಅವನು ಕೇಳದೆಯೇ ಅವು ಕೀಲನ್ನು ಕೂದಲೆಳೆಯಷ್ಟು ಸರಿಸಿ ಬಿಗಿದಿದ್ದವು. ಅರವತ್ತು ವರ್ಷದ ಅಭ್ಯಾಸ. ಬಿಚ್ಚಿದ. ಮತ್ತೆ ಹಾಕಿದ. ಈ ಸಲ ಆರು, ಮೂರೂವರೆ. ಮತ್ತೆ ಬಿಚ್ಚಿದ.

"ಯಾಕೆ, ಸಾಲದಾ?"

"ಏಳು, ಮೂರು ಇತ್ತು."

ನಾಲ್ಕು ಸಲ ಹಾಕಿ ತೆಗೆದ. ಒಂದು ಬಾಗಿಲನ್ನು ಇದ್ದಷ್ಟೇ ಓರೆಯಾಗಿ ಕೂರಿಸಲು ಅವನಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಹೆನ್ರೀಕೆಯ ತೋಳು ಸೋತಿತ್ತು. ಆದರೂ ಅವಳು ಭುಜ ಬದಲಾಯಿಸಿ ಆತುಕೊಂಡಳು, ಬಿಡಲಿಲ್ಲ. ಐದನೆಯ ಸಲ ಮೇಲೆ ಏಳು ಬಂತು, ಕೆಳಗೆ ಮೂರು. ನಡುವಿನ ಉಬ್ಬು ಇದ್ದಲ್ಲೇ ಇತ್ತು. ಅವನು ಸ್ಕ್ರೂ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಆಯ್ತಾ?" ಅವಳು ಕೇಳಿದಳು.

"ಬಿಡಿ, ಫ್ರೌ ಡಾಕ್ಟರ್. ಕೈ ತೆಗೀಬಹುದು."